ಸುಂದರವ್ವ ಬಾವಿಗಿಳಿದದ್ದು

ಸುಂದರವ್ವ ಬಿದ್ದದ್ದು ಕಬ್ಬು ಕಡಿಯುವ ಹಂಗಾಮಿನಲ್ಲಿ. ಬಾಡಗಂಡಿಯಿಂದ ಬೀಳಗಿಗೆ ಹೋಗುವ ದಾರಿಯ ಮಗ್ಗುಲಿಗೆ ಅವರ ತೋಟದ ಮನೆ. ಗಂಡ ಅಪ್ಪಾಸಾಬ, ಮಗ ಮಹಾಲಿಂಗ, ಸೊಸೆ ಉಮಾಶ್ರೀ, ಮೂರು ಎಕರೆ ಕಬ್ಬು, ನಲವತ್ತು ಕುರಿ. ಅವತ್ತು ಸಂಜೆ ಆಕೆ ಒಂದು ಟಗರನ್ನು ಹಗ್ಗ ಹಿಡಿದು ಮನೆಗೆ ಕರೆತರುತ್ತಿದ್ದಳು. ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರು ಹಾರ್ನ್ ಹೊಡೆಯಿತು. ಟಗರು ಬೆದರಿ ಜಿಗಿಯಿತು, ಹಗ್ಗ ಕಾಲಿಗೆ ಸುತ್ತಿಕೊಂಡಿತು, ಸುಂದರವ್ವ ಗಟಾರದ ಅಂಚಿನಲ್ಲಿ ಬಿದ್ದಳು. ಎದ್ದು ಕೂತು ನೋಡಿದರೆ ಬಲಗಾಲಿನ ಪಾದ ಇರಬೇಕಾದ ದಿಕ್ಕಿಗೆ ಇರಲಿಲ್ಲ. ಆಕೆ ಕೂಗಲಿಲ್ಲ. ಟಗರು ಎತ್ತ ಹೋಯಿತೆಂದು, ಇಳಿದು ಓಡಿಬಂದ ಟ್ರ್ಯಾಕ್ಟರಿನವನನ್ನು ಮೊದಲು ಕೇಳಿದಳಂತೆ. ಆಮೇಲೆ ಕಣ್ಣು ಕತ್ತಲೆಗಟ್ಟಿತು.

ಬಾಗಲಕೋಟೆಯಲ್ಲಿ ಆಪರೇಷನ್ ಆಯಿತು. ಹಿಮ್ಮಡದ ಮೇಲಿನ ಎರಡೂ ಬದಿಯ ಎಲುಬು ಮುರಿದಿದ್ದವು. ಒಂದು ಬದಿಗೆ ಲೋಹದ ಪಟ್ಟಿ, ಇನ್ನೊಂದು ಬದಿಗೆ ಎರಡು ಸ್ಕ್ರೂ ಹಾಕಿ, ಮೊಣಕಾಲ ತನಕ ಸಿಮೆಂಟಿನ ಪಟ್ಟು ಕಟ್ಟಿ ಕಳಿಸಿದರು. ಆರು ವಾರ ಆ ಕಾಲನ್ನು ನೆಲಕ್ಕೆ ಊರಬಾರದು ಎಂದರು.

ಐವತ್ತಾರು ವರ್ಷದ ಆ ಹೆಂಗಸು ಸುಮ್ಮನೆ ಕೂತದ್ದನ್ನು ಕಂಡವರೇ ಕಡಿಮೆ. ನಸುಕಿನಲ್ಲಿ ಎದ್ದರೆ ಕುರಿ ಕೂಡುವ ದಡ್ಡಿಯ ಕಸ, ಮರಿಗಳಿಗೆ ಹಾಲುಣಿಸುವುದು, ರೊಟ್ಟಿ, ಆಮೇಲೆ ಬುತ್ತಿ ಕಟ್ಟಿಕೊಂಡು ಕುರಿಗಳ ಹಿಂದೆ ಗಂಡನ ಜೊತೆ ಹತ್ತು ಹನ್ನೆರಡು ಕಿಲೋಮೀಟರು. ಅಂಥವಳನ್ನು ಈಗ ಪಡಸಾಲೆಯ ಹೊರಸಿನ ಮೇಲೆ ಕೂಡಿಸಿದರು. ಕೂಡಿಸಿದವರಿಗೆಲ್ಲ ಆಕೆಯ ಮೇಲೆ ಪ್ರೀತಿಯೇ. ಅಪ್ಪಾಸಾಬ ಚಹಾದ ಕಪ್ಪು ಕೈಗೆ ತಂದುಕೊಡುತ್ತಿದ್ದ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅದು ಹೊಸದು. ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಮಹಾಲಿಂಗ ಮನೆಗೆ ಬಂದ ಕೂಡಲೇ ತಾಯಿಯ ಕಾಲ ಕೆಳಗಿನ ದಿಂಬು ಸರಿಪಡಿಸುತ್ತಿದ್ದ. ಆಕೆ ಬುಟ್ಟಿ ಎಳೆದುಕೊಂಡು ಜೋಳ ಹಸನು ಮಾಡಲು ಹೋದರೆ ಉಮಾಶ್ರೀ ಬುಟ್ಟಿ ಕಸಿದುಕೊಳ್ಳುತ್ತಿದ್ದಳು. ನೋಡಲು ಬಂದ ಓಣಿಯವರೆಲ್ಲ ಒಂದೇ ಮಾತು ಹೇಳಿ ಹೋದರು: ಅಲುಗಾಡಬೇಡ.

ಸುಂದರವ್ವ ಅಲುಗಾಡಲಿಲ್ಲ. ಮೊದಲ ವಾರ ನೋವಿಗೆ, ಎರಡನೆಯ ವಾರ ಹೆದರಿಕೆಗೆ, ಮೂರನೆಯ ವಾರದಿಂದ ರೂಢಿಗೆ. ಹಗಲೂ ನಿದ್ದೆ ಬರತೊಡಗಿತು. ಊಟ ಸೇರದಾಯಿತು. ಕುರಿಗಳು ದಡ್ಡಿಗೆ ತಿರುಗಿ ಬರುವ ಸದ್ದು ಕೇಳಿದರೂ ಆಕೆ ಎಣಿಕೆ ಸರಿಯಿದೆಯೇ ಎಂದು ಕೇಳುವುದನ್ನು ಬಿಟ್ಟಳು. ಅದನ್ನು ಮೊದಲು ಗಮನಿಸಿದವಳು ಉಮಾಶ್ರೀ.

ನಾಲ್ಕನೆಯ ವಾರ ಅವಳು ಅತ್ತೆಯನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ಬೀಳಗಿಯ ದವಾಖಾನೆಗೆ ಕರೆದೊಯ್ದಳು. ಅಲ್ಲಿ ವ್ಯಾಯಾಮ ಹೇಳಿಕೊಡುವ ಪ್ರತಿಮಾ ಎಂಬವಳಿದ್ದಳು. ಮೂವತ್ತರ ಒಳಗಿನ, ಸಣ್ಣ ದನಿಯ ಹುಡುಗಿ. ಸುಂದರವ್ವ ಅವಳನ್ನು ಡಾಕ್ಟರಬಾಯಿ ಎಂದೇ ಕರೆದಳು. ತಾನು ಡಾಕ್ಟರಲ್ಲ ಎಂದು ಎರಡು ಸಲ ಹೇಳಿ ಪ್ರತಿಮಾ ಸುಮ್ಮನಾದಳು. ಪಟ್ಟಿನಿಂದ ಹೊರಗೆ ಕಾಣುತ್ತಿದ್ದ ಬೆರಳುಗಳನ್ನು ಆಡಿಸಲು ಹೇಳಿದಳು. ಬೆರಳು ಆಡಲಿಲ್ಲ. ಕೈ ಮೇಲೆತ್ತಲು ಹೇಳಿದಳು. ಭುಜವೂ ಬಿಗಿದಿತ್ತು.

"ಅವ್ವಾರ, ಮುರದದ್ದು ಒಂದು ಕಾಲಷ್ಟ," ಎಂದಳು ಪ್ರತಿಮಾ. "ಇನ್ನೊಂದು ಕಾಲು, ಎರಡು ಕೈ, ನಡ, ಬೆನ್ನು, ಎಲ್ಲಾ ನೆಟ್ಟಗ ಅದಾವ. ಅವಕ್ಕ ಯಾಕ ಶಿಕ್ಷಾ ಕೊಡಾಕತ್ತೀರಿ?"

ಆ ಮಾತು ಸುಂದರವ್ವನಿಗಿಂತ ಹೆಚ್ಚು ಉಮಾಶ್ರೀಗೆ ನಾಟಿತು. ಮನೆಗೆ ಬಂದವಳೇ ಜೋಳದ ಬುಟ್ಟಿಯನ್ನು ಅತ್ತೆಯ ಮುಂದೆ ಇಟ್ಟಳು. ಬೆರಳು ಆಡಿಸುವುದು, ಕಾಲನ್ನು ನೆಟ್ಟಗೆ ಮೇಲೆತ್ತಿ ಹತ್ತು ಎಣಿಸುವುದು, ಹೊರಸಿನ ಅಂಚು ಹಿಡಿದು ಕೈಯ ಬಲದಿಂದ ಮೈ ಎತ್ತುವುದು, ಇವನ್ನೆಲ್ಲ ದಿನಕ್ಕೆ ಮೂರು ಹೊತ್ತು ಮಾಡಿಸಿದಳು. ಅಪ್ಪಾಸಾಬನಿಗೆ ಇದು ಸೇರಲಿಲ್ಲ. ಎಲುಬು ಕೂಡುವಾಗ ತಡವಿದರೆ ಕೂಡುತ್ತದೆಯೇ, ಮುರಿದ ಕುರಿಯ ಕಾಲಿಗೆ ಬಿದಿರು ಕಟ್ಟಿ ಎಷ್ಟು ದಿನ ಕಟ್ಟಿಹಾಕುತ್ತೇವೆ ಎಂದು ವಾದಿಸಿದ. ಉಮಾಶ್ರೀ ಎದುರಾಡಲಿಲ್ಲ. ಅವನು ಕುರಿ ಬಿಟ್ಟುಕೊಂಡು ಹೋದ ಮೇಲೆ ಮಾಡಿಸಿದಳು.

ಆರು ವಾರಕ್ಕೆ ಪಟ್ಟು ಬಿಚ್ಚಿದರು. ಒಳಗಿದ್ದ ಕಾಲು ಸುಂದರವ್ವನಿಗೆ ತನ್ನದೆನಿಸಲಿಲ್ಲ. ಮೀನಖಂಡ ಇಲ್ಲವೇ ಇಲ್ಲ, ಚರ್ಮ ಒಣಗಿ ಹೊಟ್ಟು ಎದ್ದಿತ್ತು, ಎರಡೂ ಬದಿಗೆ ಹೊಲಿಗೆಯ ಗೆರೆ. ಇನ್ನು ನಾಲ್ಕು ಕಾಲಿನ ವಾಕರ್ ಹಿಡಿದು ಸ್ವಲ್ಪ ಸ್ವಲ್ಪವೇ ಭಾರ ಹಾಕಿ ನಡೆಯಬಹುದು ಎಂದರು ಡಾಕ್ಟರು. ನಡೆಯಬಹುದು ಎಂದರು, ನಡೆಯಲಾಗಲಿಲ್ಲ. ಪಾದ ನೆಲಕ್ಕೆ ಮುಟ್ಟಿದ ಕೂಡಲೇ ಆಕೆ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ನೋವು ಅಷ್ಟಿರಲಿಲ್ಲ. ಆ ಕಾಲು ಮತ್ತೆ ತಿರುಗಿ ಹೋಗುತ್ತದೆ ಎಂಬ ಅಂಜಿಕೆ. ಉಮಾಶ್ರೀ ಎಷ್ಟು ಧೈರ್ಯ ಹೇಳಿದರೂ ಆಕೆ ಎಡಗಾಲಿನ ಮೇಲೆ ಕುಪ್ಪಳಿಸಿ ಹೊರಸಿಗೆ ಮರಳುತ್ತಿದ್ದಳು.

ಹದಿನೈದು ದಿನ ಹೀಗೇ ಕಳೆದ ಮೇಲೆ ಮತ್ತೆ ಪ್ರತಿಮಾಳ ಹತ್ತಿರ ಹೋದರು. ಅವಳು ಬಯ್ಯಲಿಲ್ಲ. ದೊಡ್ಡ ಊರುಗಳಲ್ಲಿ ಇಂಥವರನ್ನು ಈಜುವ ಕೊಳಕ್ಕೆ ಇಳಿಸುತ್ತಾರೆ, ಎದೆಮಟ್ಟದ ನೀರಿನಲ್ಲಿ ಮೈಯ ಭಾರವೇ ಗೊತ್ತಾಗುವುದಿಲ್ಲ, ಕಾಲು ಅಂಜಿಕೆಯಿಲ್ಲದೆ ಆಡುತ್ತದೆ, ಇಲ್ಲಿ ಎಲ್ಲಿಂದ ತರೋಣ ಎಂದು ತನಗೆ ತಾನೇ ಹೇಳಿಕೊಂಡಳು.

"ನಮ್ಮ ಹೊಲದಾಗ ಬಾವಿ ಐತಲ್ಲ," ಎಂದಳು ಸುಂದರವ್ವ.

ಉಮಾಶ್ರೀ ಗಾಬರಿಯಿಂದ ಅತ್ತೆಯ ಮುಖ ನೋಡಿದಳು. ಸುಂದರವ್ವ ಆಗ ತನ್ನ ತವರಿನ ಸುದ್ದಿ ಹೇಳಿದಳು. ಆಕೆ ಹುಟ್ಟಿ ಬೆಳೆದದ್ದು ಕೃಷ್ಣೆಯ ದಂಡೆಯ ಊರಲ್ಲಿ. ಆ ಊರು ಈಗ ಹಿನ್ನೀರಿನ ಅಡಿಯಲ್ಲಿದೆ. ಏಳು ವರ್ಷದವಳಿದ್ದಾಗ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪ ನದಿಗೆ ನೂಕಿದ್ದ. ಹತ್ತು ವರ್ಷಕ್ಕೆ ಬುರುಡೆ ಬಿಟ್ಟಿತು. ಹದಿನಾಲ್ಕಕ್ಕೆ ಎಮ್ಮೆಯ ಬಾಲ ಹಿಡಿಯದೆ ಆಚೆ ದಂಡೆ ಮುಟ್ಟಿ ಬರುತ್ತಿದ್ದಳು. ಹದಿನೆಂಟಕ್ಕೆ ಮದುವೆಯಾಗಿ ಈ ಮನೆಗೆ ಬಂದಳು. ಬಂದ ಮೇಲೆ ಒಂದು ದಿನವೂ ನೀರಿಗಿಳಿದಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಆಕೆಯೇ ಕೇಳಿರಲಿಲ್ಲ.

"ಗಂಡಮಕ್ಕಳು ಬಾವಿಗಿ ಜಿಗದ್ರ ಈಸಾಕ ಹ್ವಾದ್ರು ಅಂತಾರ. ಹೆಣ್ಣಮಕ್ಕಳು ಇಳದ್ರ ಮಂದಿಗಿ ಒಂದ ಅರ್ಥ ಗೊತ್ತು. ಅದಕ್ಕ ಸುಮ್ಮನಿದ್ದೆ," ಎಂದಳು.

ಪ್ರತಿಮಾ ಆಕೆಯ ಕಾಲನ್ನು ತನ್ನತ್ತ ಎಳೆದುಕೊಂಡಳು. ಗಾಯದ ಗೆರೆಗಳನ್ನು ಬೆರಳಿನಿಂದ ಒತ್ತಿ ನೋಡಿದಳು, ಪೂರ್ತಿ ಒಣಗಿದ್ದವು. ಡಾಕ್ಟರಿಗೆ ಫೋನು ಮಾಡಿ ಕೇಳಿದಳು. ಆಮೇಲೆ ಹೇಳಿದಳು: ನಡಕ್ಕೆ ಹಗ್ಗ ಇರಬೇಕು, ಬೆನ್ನಿಗೆ ತೇಲುವಂಥದ್ದು ಕಟ್ಟಿರಬೇಕು, ಮೆಟ್ಟಿಲು ಇಳಿಯುವಾಗ ನಿಲ್ಲಬಾರದು, ಕೂತು ಜಾರಬೇಕು, ಒಬ್ಬಳೇ ಯಾವತ್ತೂ ಇಳಿಯಬಾರದು.

ಮಹಾಲಿಂಗನಿಗೆ ಹೇಳಿದಾಗ ಅವನು ನಕ್ಕುಬಿಟ್ಟ; ತಾಯಿ ನಿಜವಾಗಿಯೇ ಹೇಳುತ್ತಿದ್ದಾಳೆಂದು ತಿಳಿದಾಗ ಸಿಟ್ಟಾದ. ಅಪ್ಪಾಸಾಬನಿಗೆ ಹೇಳಲೇ ಇಲ್ಲ. ಅವನು ಒಣನೆಲದಲ್ಲಿ ಕುರಿಗಳ ಹಿಂದೆ ಬೆಳೆದವನು, ಮೊಣಕಾಲಿಗಿಂತ ಮೇಲೆ ನೀರು ಕಂಡರೆ ಹಿಂದೆ ಸರಿಯುವವನು.

ಫೆಬ್ರವರಿ ಕೊನೆಗೆ ಬಿಸಿಲೇರಿದ ಮೇಲೆ, ಒಂದು ಮಧ್ಯಾಹ್ನ, ಗಂಡಸರು ಮನೆಯಲ್ಲಿಲ್ಲದಾಗ ಅತ್ತೆ ಸೊಸೆ ಬಾವಿಗೆ ಹೋದರು. ಮನೆಯಿಂದ ಇನ್ನೂರು ಹೆಜ್ಜೆಯ ದಾರಿ. ವಾಕರ್ ಊರಿ ಮೂರು ಕಡೆ ಕೂತು ಎದ್ದು ಹೋಗುವಷ್ಟರಲ್ಲಿ ಸುಂದರವ್ವನ ರವಿಕೆ ಬೆವರಿನಿಂದ ತೊಯ್ದಿತ್ತು. ಕಾಲುವೆ ಬಂದ ಮೇಲೆ ಆ ಬಾವಿಯಲ್ಲಿ ನೀರು ಬತ್ತಿದ್ದಿಲ್ಲ. ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಹದಿನಾಲ್ಕು ಇಳಿದರೆ ನೀರು. ಉಮಾಶ್ರೀ ಐದು ಲೀಟರಿನ ಎರಡು ಖಾಲಿ ಎಣ್ಣೆ ಡಬ್ಬಿಗಳ ಬಾಯಿ ಬಿಗಿದು ಅತ್ತೆಯ ಬೆನ್ನಿಗೆ ಕಟ್ಟಿದಳು. ನಡಕ್ಕೆ ಹಗ್ಗ ಕಟ್ಟಿ, ಅದರ ತುದಿಯನ್ನು ಪಂಪಿನ ಕಬ್ಬಿಣದ ಪೈಪಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಸುಂದರವ್ವ ಸೀರೆಯ ಕಚ್ಚೆ ಹಾಕಿ, ಕೂತು, ಒಂದೊಂದೇ ಮೆಟ್ಟಿಲು ಜಾರಿದಳು.

ನೀರು ಮೊದಲು ಪಾದಕ್ಕೆ ಮುಟ್ಟಿತು. ಆಮೇಲೆ ಮೊಣಕಾಲಿಗೆ. ಸೊಂಟಕ್ಕೆ ಬಂದಾಗ ಆಕೆ ಒಂದು ಉಸಿರು ಎಳೆದುಕೊಂಡು ಮೆಟ್ಟಿಲ ಅಂಚು ಬಿಟ್ಟಳು. ಉಮಾಶ್ರೀಯ ಕೈಯಲ್ಲಿ ಹಗ್ಗ ಬಿಗಿಯಾಯಿತು. ಸುಂದರವ್ವ ಒಮ್ಮೆ ಮುಳುಗಿ ಎದ್ದಳು, ಮುಖದ ನೀರು ಒರೆಸಿಕೊಂಡಳು, ಕೈ ಬೀಸಿದಳು. ಆಚೆ ಗೋಡೆಯ ತನಕ ಹೋಗಿ ಬಂದಳು. ಕಾಲುಗಳು ತಾವಾಗಿ ಆಡುತ್ತಿದ್ದವು. ಬಲಗಾಲು ಎಡಗಾಲಿನಷ್ಟು ಬಲವಾಗಿ ಒದೆಯುತ್ತಿರಲಿಲ್ಲ, ಆದರೆ ಒದೆಯುತ್ತಿತ್ತು. ಎರಡು ತಿಂಗಳ ಮೇಲೆ ಮೊದಲ ಸಲ ಆಕೆಗೆ ಆ ಕಾಲಿನ ಬಗ್ಗೆ ಅಂಜಿಕೆ ಇರಲಿಲ್ಲ.

ಮೇಲೆ ಬರುವಾಗ ಕೂತು ಕೂತು ಏರಿದಳು. ಅವತ್ತು ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡಳು.

ಹೀಗೆ ಮೂರು ವಾರ ನಡೆಯಿತು. ನೀರಿನಲ್ಲಿ ಮೆಟ್ಟಿಲ ಅಂಚು ಹಿಡಿದು ಹಿಮ್ಮಡ ಎತ್ತಿ ಇಳಿಸುವುದು, ಎದೆಮಟ್ಟದಲ್ಲಿ ಮುಳುಗಿದ ಮೆಟ್ಟಿಲಿನ ಮೇಲೆ ನಿಂತು ಬಲಗಾಲಿಗೆ ಭಾರ ಬಿಡುವುದು. ನೀರಿನಲ್ಲಿ ನಿಂತ ಕಾಲು ನಿಧಾನವಾಗಿ ನೆಲದಲ್ಲೂ ನಿಂತಿತು. ಮನೆಯಲ್ಲಿ ವಾಕರ್ ಊರಿ ಒಲೆಯ ತನಕ ಬರತೊಡಗಿದಳು. ಅಪ್ಪಾಸಾಬ ಕೇಳಿದಾಗ ಡಾಕ್ಟರಬಾಯಿ ಹೇಳಿಕೊಟ್ಟದ್ದು ಎಂದಳು. ಅದು ಸುಳ್ಳೂ ಅಲ್ಲ.

ತಪ್ಪಾದದ್ದು ಒಂದು ಬುಧವಾರ. ಸುಂದರವ್ವ ನೀರಿಗಿಳಿದ ಮೇಲೆ ಉಮಾಶ್ರೀಗೆ ಒಣ ಸೀರೆ ಮರೆತು ಬಂದದ್ದು ನೆನಪಾಯಿತು. ಹಗ್ಗ ಪೈಪಿಗೆ ಕಟ್ಟಿದೆ, ಓಡಿ ಹೋಗಿ ಬರುತ್ತೇನೆ ಎಂದಳು. ಸುಂದರವ್ವ ಹೂಂ ಅಂದಳು. ಇಬ್ಬರಿಗೂ ಪ್ರತಿಮಾಳ ಮಾತು ನೆನಪಿತ್ತು, ಇಬ್ಬರೂ ಎರಡೇ ನಿಮಿಷ ಅಂದುಕೊಂಡರು. ಸುಂದರವ್ವ ಮಲಗಿದಂತೆ ಮೇಲ್ಮುಖವಾಗಿ ತೇಲುತ್ತ, ಕಿವಿ ಮುಳುಗುವಷ್ಟು ನೀರಿನಲ್ಲಿದ್ದಳು.

ಅದೇ ಹೊತ್ತಿಗೆ ಪಕ್ಕದ ಹೊಲದ ಬಾಳೇಶ ಮೋಟಾರು ಚಾಲೂ ಮಾಡಲು ಬದುವಿನ ಮೇಲೆ ಬಂದ. ಬಾವಿಯ ದಂಡೆಯಲ್ಲಿ ವಾಕರ್ ಬಿದ್ದಿತ್ತು. ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ. ಯಾರೂ ಕಾಣಲಿಲ್ಲ. ಅವನು ಎರಡು ಸಲ ಹೆಸರು ಹಿಡಿದು ಕೂಗಿದ. ಉತ್ತರ ಬರಲಿಲ್ಲ.

ಬೇರೆ ಯಾರಾಗಿದ್ದರೂ ಹತ್ತಿರ ಹೋಗಿ ಇಣುಕುತ್ತಿದ್ದರು. ಬಾಳೇಶನಿಂದ ಆಗಲಿಲ್ಲ. ಎಂಟು ವರ್ಷದ ಹಿಂದೆ ಅವನ ಅಕ್ಕ ಯಲ್ಲಕ್ಕ ತಮ್ಮ ಹೊಲದ ಬಾವಿಯಲ್ಲೇ ಹೆಣವಾಗಿ ಸಿಕ್ಕಿದ್ದಳು. ಅವತ್ತು ಮೊದಲು ಇಣುಕಿದವನು ಅವನೇ. ಅವನು ಬದುವಿನ ಮೇಲೆ ನಿಂತಲ್ಲೇ ಅಪ್ಪಾಸಾಬನಿಗೆ ಫೋನು ಮಾಡಿದ. ಕಾಕಾ, ಲಗೂನ ಬಾರೋ, ಕಾಕಿ ಬಾವಿಗಿ ಬಿದ್ದಾಳ, ಎಂದಷ್ಟೇ ಹೇಳಿ ನೆಲಕ್ಕೆ ಕೂತುಬಿಟ್ಟ.

ಅಪ್ಪಾಸಾಬ ಆಗ ಕಬ್ಬು ಕಡಿದ ಹೊಲದಲ್ಲಿ, ಕೂಗಳತೆಯ ದೂರದಲ್ಲಿ ಕುರಿ ಬಿಟ್ಟುಕೊಂಡಿದ್ದ. ಅವನು ಹೇಗೆ ಓಡಿದನೋ ಅವನಿಗೂ ಗೊತ್ತಿಲ್ಲ. ಬಾವಿಯ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ನೀರಿನ ಮೇಲೆ ಹೆಂಡತಿಯ ಸೀರೆ ಕಂಡಿತು, ಮೇಲ್ಮುಖವಾದ ಮುಖ ಕಂಡಿತು, ಮುಚ್ಚಿದ ಕಣ್ಣು ಕಂಡಿತು. ನಿಲ್ಲಲಿಲ್ಲ. ಮೊಣಕಾಲ ನೀರಿಗೆ ಅಂಜುವವನು ಎದೆಮಟ್ಟಕ್ಕೆ ಇಳಿದ, ಮುಂದಿನ ಮೆಟ್ಟಿಲು ಇಲ್ಲದೆ ಕಾಲು ತಪ್ಪಿ ಮುಳುಗಿದ.

ನೀರು ಅಲ್ಲಾಡಿದ್ದರಿಂದ ಸುಂದರವ್ವ ಕಣ್ಣು ತೆರೆದಳು. ಗಂಡನ ರುಮಾಲು ತೇಲುತ್ತಿತ್ತು, ಅವನ ಕೈಗಳು ಮೇಲೆ ಬರುತ್ತಿದ್ದವು, ತಲೆ ಬರುತ್ತಿರಲಿಲ್ಲ. ಆಕೆ ಎರಡು ಕೈಬೀಸಿನಲ್ಲಿ ಹತ್ತಿರ ಬಂದು ಹಿಂದಿನಿಂದ ಅವನ ಅಂಗಿಯ ಕೊರಳು ಹಿಡಿದಳು. ಮುಂದಿನಿಂದ ಹಿಡಿದರೆ ಮುಳುಗುವವನು ಅಪ್ಪಿಕೊಂಡು ಇಬ್ಬರನ್ನೂ ಒಯ್ಯುತ್ತಾನೆಂದು ಆಕೆಯ ಅಪ್ಪ ಹೇಳಿಕೊಟ್ಟಿದ್ದ. ಡಬ್ಬಿಗಳು ತೇಲಿಸಿದವು. ಮೆಟ್ಟಿಲಿಗೆ ತಂದು ಬಲಗಾಲು ಊರಿ, ಅವನನ್ನು ಮೇಲಕ್ಕೆ ನೂಕಿದಳು.

ಅವನು ನೀರು ಕಾರಿ, ಕೆಮ್ಮಿ, ಉಸಿರು ತಿರುಗಿದ ಮೇಲೆ ಹೆಂಡತಿಯನ್ನು ನೋಡಿದ.

"ನೀ ಬದಕೀಯೇನ?" ಎಂದು ಕೇಳಿದ.

"ಈಸಾಕತ್ತಿದ್ನಿರಿ," ಎಂದಳು ಸುಂದರವ್ವ.

ಸೀರೆ ಹಿಡಿದು ಓಡಿಬಂದ ಉಮಾಶ್ರೀ ಮೇಲೆ ನಿಂತು ಅಳುತ್ತಿದ್ದಳು. ಸುದ್ದಿ ಕೇಳಿ ನಾಲ್ಕು ಹೊಲದವರು ಬಂದರು. ಬಯ್ದವರು ಬಯ್ದರು, ನಕ್ಕವರು ನಕ್ಕರು. ಬಾಳೇಶ ಮಾತ್ರ ಎದ್ದು ಮನೆಗೆ ಹೋದ. ಮೋಟಾರು ಚಾಲೂ ಮಾಡಲಿಲ್ಲ.

ಅಪ್ಪಾಸಾಬ ಎರಡು ದಿನ ಹೆಂಡತಿಯೊಂದಿಗೆ ಮಾತಾಡಲಿಲ್ಲ. ಚಹಾ ತಂದು ಕೊಡುವುದನ್ನು ಬಿಡಲಿಲ್ಲ, ಆದರೆ ಕಪ್ಪು ಇಟ್ಟು ಹೋಗುತ್ತಿದ್ದ. ಮಹಾಲಿಂಗ ಉಮಾಶ್ರೀಯನ್ನು ಬಯ್ದ. ಸುಂದರವ್ವ ನಡುವೆ ಬಂದು ತಪ್ಪು ತನ್ನದು, ಅವಳನ್ನು ಅನ್ನಬೇಡ ಎಂದಳು.

ಆಕೆಗೆ ಕೊರೆಯುತ್ತಿದ್ದದ್ದು ಬೇರೆ. ಮೂರನೆಯ ದಿನ ಬೆಳಗ್ಗೆ ವಾಕರ್ ಹಿಡಿದು ಹೊರಗೆ ನಡೆದಳು. ಎಲ್ಲಿಗೆ ಎಂದು ಉಮಾಶ್ರೀ ಕೇಳಿದಾಗ ಬಾಳೇಶನ ಮನೆಗೆ ಎಂದಳು. ಎರಡು ಹೊಲ ದಾಟಬೇಕು, ಅರ್ಧ ಕಿಲೋಮೀಟರಾದರೂ ಆಗುತ್ತದೆ. ಬಂಡಿಯ ಜಾಡಿನಲ್ಲಿ ವಾಕರಿನ ಕಾಲುಗಳು ಸಿಕ್ಕಿಕೊಳ್ಳುತ್ತಿದ್ದವು. ಉಮಾಶ್ರೀ ಪಕ್ಕದಲ್ಲಿ ನಡೆದಳು, ಕೈ ಕೊಡಲು ಹೋದಾಗ ಸುಂದರವ್ವ ಬೇಡ ಎಂದಳು. ಬಿದ್ದ ಮೇಲೆ ಆಕೆ ಒಮ್ಮೆಗೇ ಅಷ್ಟು ದೂರ ನಡೆದದ್ದು ಅದೇ ಮೊದಲು. ಬಾಳೇಶನ ಮನೆ ಮುಟ್ಟುವಾಗ ಕಾಲು ಬಾತು ಚಪ್ಪಲಿಯ ಪಟ್ಟಿ ಕಚ್ಚುತ್ತಿತ್ತು.

ಬಾಳೇಶನ ತಾಯಿ ಗುರುಬಸವ್ವ ಕಟ್ಟೆಯ ಮೇಲೆ ಚಾಪೆ ಹಾಸಿದಳು. ಬಾಳೇಶ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತ. ಸುಂದರವ್ವ ಸುತ್ತುಬಳಸಲಿಲ್ಲ.

"ನನ್ನ ಚಪ್ಪಲಿ ನೋಡಿ ನಿನಗ ಏನ ನೆನಪಾಗಿರತೈತಿ ಅಂತ ನನಗ ಆಮ್ಯಾಲ ಹೊಳೀತಪಾ. ಮೊದಲ ಹೊಳೀಬೇಕಿತ್ತು. ತಪ್ಪಾತು."

ಬಾಳೇಶ ಕೇಳಿದ:

"ಅಕ್ಕಗ ಈಸಾಕ ಬರತಿದ್ರ ಉಳೀತಿದ್ಳೇನ ಕಾಕಿ?"

ಗುರುಬಸವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗೊತ್ತಿಲ್ಲಪ್ಪ ಎಂದಳು ಸುಂದರವ್ವ. ಎಂಟು ವರ್ಷದಲ್ಲಿ ಆ ಮನೆಯ ಕಟ್ಟೆಯ ಮೇಲೆ ಯಲ್ಲಕ್ಕನ ಮಾತು ಬಂದದ್ದು ಅದೇ ಮೊದಲಂತೆ. ಗುರುಬಸವ್ವ ಮಗಳು ಸಣ್ಣವಳಿದ್ದಾಗಿನ ಸುದ್ದಿ ಹೇಳತೊಡಗಿದಳು. ಬಾಳೇಶ ಕಂಬ ಬಿಟ್ಟು ಬಂದು ಕೂತ. ಹೊತ್ತು ಏರಿ ನೆರಳು ಕಟ್ಟೆಯಿಂದ ಇಳಿಯುವ ತನಕ ಅವರು ಕೂತಿದ್ದರು. ತಿರುಗಿ ಹೋಗುವಾಗ ಬಾಳೇಶ ಗಾಡಿ ತರುತ್ತೇನೆಂದ. ಕಾಲು ಬಾತದ್ದನ್ನು ನೋಡಿ ಸುಂದರವ್ವ ಹೂಂ ಅಂದಳು.

ಅವತ್ತು ಸಂಜೆ ಅಪ್ಪಾಸಾಬ ಬಿಸಿನೀರಿಗೆ ಉಪ್ಪು ಹಾಕಿ ತಂದು ಹೆಂಡತಿಯ ಕಾಲ ಬಳಿ ಇಟ್ಟ. ತಾನೂ ಅಲ್ಲೇ ಕೂತ. ಸಿಟ್ಟು ಬಂದದ್ದು ಬಾವಿಗಿಳಿದದ್ದಕ್ಕಲ್ಲ, ಹೇಳದೆ ಇಳಿದದ್ದಕ್ಕೆ ಎಂದ. ಹೇಳಿದ್ದರೆ ಬಿಡುತ್ತಿದ್ದಿರಾ ಎಂದು ಆಕೆ ಕೇಳಿದಳು. ಅವನು ಯೋಚಿಸಿ, ಇಲ್ಲ ಎಂದ. ಇಬ್ಬರಿಗೂ ಸಣ್ಣಗೆ ನಗು ಬಂತು. ನಾಳೆಯಿಂದ ಹಗ್ಗ ತಾನು ಹಿಡಿಯುತ್ತೇನೆ ಎಂದ. ನೀರಿಗೆ ಮಾತ್ರ ಇಳಿಯುವುದಿಲ್ಲ, ಆಣೆ.

ಮುಂದೆ ಬಿಸಿಲುಗಾಲ ಮುಗಿಯುವ ತನಕ ಅದು ಗುಟ್ಟಿನ ಕೆಲಸವಾಗಿ ಉಳಿಯಲಿಲ್ಲ. ಇಳಿಯುವ ಮೊದಲು ಉಮಾಶ್ರೀ ಬಾಳೇಶನಿಗೆ ಫೋನು ಮಾಡಿ ಹೇಳುತ್ತಿದ್ದಳು. ಮೊಣಕಾಲು ನೋವಿನ ಅನಸವ್ವ ಎಂಬ ನೆರೆಯ ಹೆಂಗಸು ಒಂದು ದಿನ ನೋಡಲು ಬಂದು, ಮರುದಿನ ತಾನೂ ಇಳಿದು ಮೆಟ್ಟಿಲ ಮೇಲೆ ಕೂತಳು. ಉಮಾಶ್ರೀ ಹೊಟ್ಟೆಯ ಕೆಳಗೆ ಅತ್ತೆಯ ಕೈ ಇದ್ದರೆ ನಾಲ್ಕು ಮಾರು ಹೋಗುವಷ್ಟು ಕಲಿತಳು. ಮಹಾಲಿಂಗ ರಜೆಯ ದಿನ ಬಂದು ತಾಯಿ ಈಜುವುದನ್ನು ನೋಡಿದ. ಪಾಚಿಗಟ್ಟಿದ ಮೆಟ್ಟಿಲುಗಳನ್ನು ತಿಕ್ಕಿ ತೊಳೆದು ಹೋದ.

ಕಾಲು ಪೂರ್ತಿ ಮೊದಲಿನಂತಾಗಲಿಲ್ಲ. ಅದು ಇಷ್ಟೇ ಬಾಗುತ್ತದೆ ಎಂದು ಪ್ರತಿಮಾ ಮೇ ತಿಂಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದಳು. ಕುಕ್ಕರಗಾಲಲ್ಲಿ ಕೂಡಲು ಆಗುವುದಿಲ್ಲ, ಹೆಂಟೆಯ ಹೊಲದಲ್ಲಿ ನಡೆದರೆ ಸಂಜೆಗೆ ಬಾವು ಬರುತ್ತದೆ. ವಾಕರ್ ಹೋಗಿ ಕೋಲು ಬಂತು, ಕೋಲು ಆಗಾಗ ಮನೆಯಲ್ಲೇ ಉಳಿಯತೊಡಗಿತು. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಸುಂದರವ್ವ ಕುರಿಗಳ ಹಿಂದೆ ಹೊರಟಳು. ಹತ್ತು ಕಿಲೋಮೀಟರು ಅಲ್ಲ, ಕಾಲುವೆಯ ಏರಿಯ ತನಕ, ಮೂರು.

ಮೊದಲ ದಿನ ಅಪ್ಪಾಸಾಬ ಆಕೆಯ ಪಕ್ಕದಲ್ಲೇ, ಹೆಜ್ಜೆಗೊಮ್ಮೆ ನಿಂತು ನಿಂತು ನಡೆದ. ಕುರಿಗಳು ಮುಂದೆ ಹೋಗಿಬಿಟ್ಟವು. ಸ್ವಲ್ಪ ದೂರ ಸಹಿಸಿಕೊಂಡು ಸುಂದರವ್ವ ಹೇಳಿದಳು:

"ನೀವು ನಿಮ್ಮ ನಡಿಗ್ಯಾಗ ನಡೀರಿ. ನಾ ನನ್ನ ನಡಿಗ್ಯಾಗ ಬರತೇನಿ."

ಅವನು ಒಂದು ಸಲ ಆಕೆಯ ಕಾಲಿನ ಕಡೆ ನೋಡಿದ. ಆಮೇಲೆ ಕಂಬಳಿ ಹೆಗಲಿಗೇರಿಸಿ ಕುರಿಗಳ ಹಿಂದೆ ಬಿರಬಿರನೆ ನಡೆದ. ಏರಿಯ ಮೇಲಿನ ಜಾಲಿಯ ನೆರಳಿನಲ್ಲಿ ಕೂತು ಹಿಂತಿರುಗಿ ನೋಡಿದಾಗ ಹೆಂಡತಿ ಇನ್ನೂ ಬಹಳ ಹಿಂದಿದ್ದಳು. ಎದ್ದು ಹೋಗಬೇಕೆನಿಸಿದರೂ ಅವನು ಏಳಲಿಲ್ಲ. ಎಲೆ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡ. ಆಕೆ ಬಂದು ಮುಟ್ಟಲು ಅರ್ಧ ತಾಸು ಹಿಡಿಯಿತು. ಬಂದವಳು ಕಾಲು ಚಾಚಿ ಕೂತು, ಮೊದಲು ಕುರಿ ಎಣಿಸಿದಳು.